ಕಲಬುರಗಿ ಬಿಸಿಲು ಮತ್ತು ಭಾವನ ಕ್ಯಾಂಪರ್ ಟ್ರೇಲರ್

ಮೇ ತಿಂಗಳಲ್ಲಿ ಕಲಬುರಗಿಗೆ ಕ್ಯಾಂಪರ್ ಟ್ರೇಲರ್, ಅಂದರೆ ಜೀಪಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆಯಂಥ ಗಾಡಿ, ತರುತ್ತೇನೆ ಅಂತ ಬೆಂಗಳೂರಿನಿಂದ ನಮ್ಮ ಭಾವ ಫೋನ್ ಮಾಡಿದಾಗ, ಬೇಡ ಅಂತಲೇ ಹೇಳಿದ್ದೆ. ಮದುವೆ ಮನೆ, ನೆಂಟರು ತುಂಬಿರುತ್ತಾರೆ, ನಾವು ಅದರಲ್ಲೇ ಮಲಗಿದರಾಯಿತು ಅನ್ನೋದು ಅವರ ಲೆಕ್ಕ. ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಊರು ಇದು. ಇಲ್ಲಿ 42 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ.

ಆದರೂ ತಂದರು. ಅಂಗಳದಲ್ಲಿ ನಿಲ್ಲಿಸಿ ಮಧ್ಯಾಹ್ನ ಬಾಗಿಲು ತೆಗೆದರೆ ಝಳ ಮುಖಕ್ಕೇ ಹೊಡೆಯಿತು. ನಮ್ಮ ಕಾಕಾ ಇಣುಕಿ ನೋಡಿ, "ಏನ್ರೀ ಅಳಿಯಾವರ, ಇದರಾಗ ರೊಟ್ಟಿ ಸುಡ್ತೀರೇನು?" ಅಂದರು.

ಟ್ರೇಲರ್ ಮೇಲೆ ಎಸಿ ಇತ್ತು. ಆದರೆ ಮದುವೆ ಲೈಟು, ಫ್ರಿಜ್ಜು, ಮಿಕ್ಸಿ ಎಲ್ಲಾ ಓಡುವಾಗ ಅದನ್ನೂ ಹಾಕಿದರೆ ಲೋಡ್ ಹೆಚ್ಚಾಗಿ ಮನೆಯ ಎಂಸಿಬಿ ಸ್ವಿಚ್ ಬಿದ್ದು ಕರೆಂಟ್ ಹೋಗುತ್ತಿತ್ತು. ಅದೂ ಅಲ್ಲದೆ ಬಿಸಿಲಲ್ಲಿ ಕಾದ ತಗಡನ್ನು ಒಳಗಿನಿಂದ ತಣ್ಣಗೆ ಮಾಡ್ತೀನಿ ಅನ್ನೋದು ಸುಮ್ನೆ ಕರೆಂಟ್ ದಂಡ. ಬಿಸಿಲನ್ನು ಹೊರಗೇ ತಡೆಯಬೇಕು ಅಂದೆ.

ಜೀಪಿನಿಂದ ಬಿಚ್ಚಿ, ನಾಲ್ಕು ಜನ ಸೇರಿ ಹಿತ್ತಲಿನ ಬೇವಿನ ಮರದ ಹತ್ತಿರ ತಳ್ಳಿದೆವು. ಬೆಳಗಿನ ನೆರಳು ನೋಡಿ ಗಾಡಿ ನಿಲ್ಲಿಸಬಾರದು, ಮಧ್ಯಾಹ್ನ ಮೂರಕ್ಕೆ ನೆರಳು ಎಲ್ಲಿಗೆ ಬರುತ್ತೆ ಅಂತ ನೋಡಬೇಕು. ಪೆಂಡಾಲಿನವರ ಹತ್ತಿರ ಬಿದಿರು, ಹಸಿರು ನೆಟ್ ಇಸ್ಕೊಂಡು ಚಾವಣಿಗಿಂತ ಒಂದು ಅಡಿ ಮೇಲೆ ಕಟ್ಟಿದೆವು. ನೇರ ತಗಡಿಗೆ ಹೊದಿಸಿದರೆ ನೆಟ್ಟಿನ ಬಿಸಿಯೂ ತಗಡಿಗೇ ಇಳಿಯುತ್ತೆ, ನಡುವೆ ಗಾಳಿ ಆಡಬೇಕು. ಕಿಟಕಿಗೆ ಭಾವ ಒಳಗಿನಿಂದ ಅಂಟಿಸಿದ್ದ ಬೆಳ್ಳಿ ಬಣ್ಣದ ಹಾಳೆಯನ್ನೂ ಕಿತ್ತು ಗಾಜಿನ ಹೊರಗೆ ಕಟ್ಟಿದೆವು. ಗಾಜು ದಾಟಿ ಬಂದ ಬಿಸಿ ಒಳಗೇ ಉಳಿಯುತ್ತೆ, ಅಲ್ವಾ?

ಇನ್ನು ಕೂಲರ್. ಅಟ್ಟದ ಮೇಲಿದ್ದ ಹಳೇ ಕೂಲರ್ ಇಳಿಸಿ, ಹೊರಗೆ ಸ್ಟೂಲ್ ಮೇಲಿಟ್ಟು, ಕಿಟಕಿಗೆ ಬಾಯಿ ಕೊಟ್ಟೆವು. ಎಸಿ ಎಳೆಯುವ ಕರೆಂಟಿನಲ್ಲಿ ಕಾಲು ಭಾಗವೂ ಇದಕ್ಕೆ ಬೇಡ, ಮನೆಯ ಇನ್ವರ್ಟರ್ ಮೇಲೂ ಓಡುತ್ತೆ. ಜಗಳ ಶುರುವಾಗಿದ್ದೇ ಆಮೇಲೆ. ತಂಪು ಹೋಗುತ್ತೆ ಅಂತ ಭಾವ ಎದುರಿನ ಕಿಟಕಿ ಮುಚ್ಚುವುದು, ನಾನು ಹೋಗಿ ತೆರೆಯುವುದು. ಒಣಗಾಳಿ ಒದ್ದೆ ಪ್ಯಾಡ್ ದಾಟಿ ಬರುವಾಗ ನೀರು ಆವಿಯಾಗುತ್ತೆ, ಅದರಿಂದಲೇ ಗಾಳಿ ತಣ್ಣಗಾಗುವುದು. ಆ ತೇವದ ಗಾಳಿ ಹೊರಗೆ ಹೋಗೋಕೆ ದಾರಿ ಇಲ್ಲದಿದ್ದರೆ ಸ್ವಲ್ಪ ಹೊತ್ತಿಗೇ ಒಳಗೆ ಮೈಯೆಲ್ಲಾ ಜಿಗಿಜಿಗಿ. ಕೊನೆಗೆ ಅಕ್ಕನೇ ಬಂದು ಎದುರಿನ ಕಿಟಕಿ, ಚಾವಣಿಯ ಕಿಂಡಿ ಎರಡನ್ನೂ ತೆರೆದು, "ಯಾರೂ ಮುಟ್ಟಬ್ಯಾಡ್ರಿ" ಅಂದಳು. ಒಳಗಿನ ಗ್ಯಾಸ್ ಒಲೆಯನ್ನೂ ಬಂದ್ ಮಾಡಿಸಿದಳು, ಚಹಾ ಬೇಕಿದ್ದರೆ ಮನೆಗೆ ಬರಬೇಕು.

ಅವತ್ತು ಸಂಜೆಯಿಂದ ಟ್ರೇಲರ್ ಮಕ್ಕಳ ಪಾಲಾಯಿತು. ಭಾವ ಮಾಳಿಗೆ ಮೇಲೆ ಮಲಗಿದರು.

ಮದುವೆ ಮುಗಿದ ಮೇಲೆ ಒಂದು ಸಂಜೆ ಗುಡುಗು ಮಳೆ ಬಂತು. ಮರುದಿನ ಎಲ್ಲಾ ಕಡೆ ಧಗೆ, ಕೂಲರ್ ಗಾಳಿ ತಂಪಾಗಲೇ ಇಲ್ಲ. ಗಾಳಿಯಲ್ಲೇ ತೇವ ಇದ್ದರೆ ಕೂಲರಿನ ಆಟ ನಡೆಯಲ್ಲ. ಪಂಪ್ ಬಂದ್ ಮಾಡಿ ಬರೀ ಫ್ಯಾನ್ ಬಿಟ್ಟೆವು. ಅಷ್ಟರಲ್ಲಿ ಮದುವೆ ಲೈಟೆಲ್ಲಾ ಬಿಚ್ಚಿದ್ದರಿಂದ, ಊರಿಗೆ ಹೊರಡುವ ಮುಂಚೆ ಭಾವನ ಎಸಿಗೂ ಒಂದು ಮಧ್ಯಾಹ್ನ ಸರದಿ ಸಿಕ್ಕಿತು.