ಕಪ್ಪಡೋಕಿಯಾದ ಬಲೂನು: ಏರುವ ಮೊದಲು ಇಳಿಯುವುದನ್ನು ವಿಚಾರಿಸಿಕೊಳ್ಳಿ

ಟರ್ಕಿಯ ಕಪ್ಪಡೋಕಿಯಾಕ್ಕೆ ಹೋಗುವವರಲ್ಲಿ ಹೆಚ್ಚಿನವರು ಬಿಸಿಗಾಳಿ ಬಲೂನಿಗಾಗಿಯೇ ಹೋಗುತ್ತಾರೆ. ನಾವೂ ಅಕ್ಟೋಬರಿನಲ್ಲಿ ಗೊರೆಮೆಯಲ್ಲಿ ಮೂರು ರಾತ್ರಿ ತಂಗುವಂತೆ ಕೋಣೆ ಹಿಡಿದು, ಮೊದಲ ಬೆಳಗಿಗೇ ಬಲೂನು ಕಾಯ್ದಿರಿಸಿದ್ದೆವು. ಐದು ಗಂಟೆಗೆ ಬಂದ ವ್ಯಾನು ನಮ್ಮನ್ನು ಚಳಿಯಲ್ಲಿ ಒಂದು ಗಂಟೆ ಕಾಯಿಸಿ, ಗಾಳಿ ಜೋರಾಗಿದೆ ಎಂದು ಮರಳಿ ಹೋಟೆಲಿಗೆ ತಂದುಬಿಟ್ಟಿತು. ಹಾರಬಹುದೇ ಬಾರದೇ ಎಂದು ತೀರ್ಮಾನಿಸುವುದು ಅಲ್ಲಿನ ನಾಗರಿಕ ವಿಮಾನಯಾನ ಇಲಾಖೆಯೇ ಹೊರತು ಬಲೂನು ಕಂಪನಿಯಲ್ಲ. ಹಾಗಾಗಿ ಕಂಪನಿಯವರೊಡನೆ ವಾದಿಸಿ ಫಲವಿಲ್ಲ. ಮೊದಲ ದಿನಕ್ಕೇ ಕಾಯ್ದಿರಿಸಿದ್ದರಿಂದ ನಮಗೆ ಇನ್ನೆರಡು ಬೆಳಗು ಉಳಿದಿದ್ದವು. ಕೊನೆಯ ದಿನಕ್ಕೆಂದು ಇಟ್ಟುಕೊಂಡಿದ್ದ ಇನ್ನೊಂದು ಕುಟುಂಬ ಹಾರದೆಯೇ ಹೊರಟುಹೋಯಿತು.

ಮರುದಿನ ಹಾರಿದೆವು. ಮೇಲಿನ ಒಂದು ಗಂಟೆಯ ಬಗ್ಗೆ ನಾನು ಬರೆಯಬೇಕಾದದ್ದೇನೂ ಇಲ್ಲ, ಅದರ ಚಿತ್ರಗಳನ್ನು ನೀವೆಲ್ಲ ನೋಡಿಯೇ ಇದ್ದೀರಿ. ಹೇಳಬೇಕಾದದ್ದು ಇಳಿಯುವ ಎರಡು ನಿಮಿಷಗಳ ಬಗ್ಗೆ. ಬಲೂನಿಗೆ ಚುಕ್ಕಾಣಿಯಿಲ್ಲ. ಪೈಲಟ್ ಅದನ್ನು ಏರಿಸಬಲ್ಲ, ಇಳಿಸಬಲ್ಲ. ಯಾವ ಎತ್ತರದಲ್ಲಿ ಗಾಳಿ ಯಾವ ಕಡೆಗೆ ಬೀಸುತ್ತಿದೆಯೋ ಆ ಕಡೆಗೆ ಮಾತ್ರ ಸಾಗಬಲ್ಲ. ಗಾಳಿ ಸದ್ದಿಲ್ಲದಿದ್ದರೆ ಬುಟ್ಟಿಯನ್ನು ನೇರವಾಗಿ ಟ್ರೇಲರಿನ ಮೇಲೆಯೇ ಕೂರಿಸುತ್ತಾರೆ. ನಮ್ಮ ದಿನ ನೆಲದ ಬಳಿ ಗಾಳಿ ಎದ್ದಿದ್ದರಿಂದ ಬುಟ್ಟಿ ಒಮ್ಮೆ ನೆಲಕ್ಕೆ ಬಡಿದು, ಪುಟಿದು, ಒಂದು ದ್ರಾಕ್ಷಿ ತೋಟದ ಅಂಚಿನಲ್ಲಿ ಒಣಮಣ್ಣನ್ನು ಉಳುತ್ತಾ ಸಾಗಿ ಪಕ್ಕಕ್ಕೆ ವಾಲಿತು. ನನ್ನ ಪಕ್ಕದಲ್ಲಿದ್ದವರು ಕೊನೆಯ ಕ್ಷಣದವರೆಗೂ ಮೊಬೈಲ್ ಹಿಡಿದಿದ್ದರು. ಅವರ ಗಲ್ಲ ಬುಟ್ಟಿಯ ಅಂಚಿಗೆ ಬಡಿದು ರಕ್ತ ಬಂತು.

ಹತ್ತುವ ಮೊದಲು ಪೈಲಟ್ ಇಳಿಯುವ ಭಂಗಿಯನ್ನು ತೋರಿಸದಿದ್ದರೆ ನೀವೇ ಕೇಳಿ ತೋರಿಸಿಕೊಳ್ಳಿ. ಬಲೂನು ಸಾಗುವ ದಿಕ್ಕಿಗೆ ಬೆನ್ನು ಮಾಡಿ, ಬೆನ್ನನ್ನು ಬುಟ್ಟಿಯ ಗೋಡೆಗೆ ಒತ್ತಿ, ಮೊಣಕಾಲು ಮಡಿಸಿ, ಒಳಗಿನ ಹಗ್ಗದ ಹಿಡಿಗಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯಬೇಕು. ನೆಟ್ಟಗೆ ನಿಂತವರ ಕಾಲು, ಬೆನ್ನುಮೂಳೆಗಳೇ ಮುರಿಯುವುದು. ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದ್ದ ನಮ್ಮ ಅತ್ತೆಯವರನ್ನು ಈ ಕಾರಣಕ್ಕೇ ಹತ್ತಿಸಲಿಲ್ಲ. ಹೋಟೆಲಿನ ತಾರಸಿಯಿಂದ ಅವರು ತೆಗೆದ ಚಿತ್ರಗಳು ನನ್ನವುಗಳಿಗಿಂತ ಚೆನ್ನಾಗಿ ಬಂದಿವೆ ಎನ್ನುವುದು ಬೇರೆ ಮಾತು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಬುಟ್ಟಿ ನೆಲ ಮುಟ್ಟಿದ್ದರೂ, ಇಳಿಯಿರಿ ಎಂದು ಪೈಲಟ್ ಹೇಳುವ ಮೊದಲು ಯಾರೂ ಹೊರಗೆ ಹಾರಬಾರದು. ಒಬ್ಬರಿಬ್ಬರು ಇಳಿದರೂ ಭಾರ ತಗ್ಗಿ ಬಲೂನು ಉಳಿದವರನ್ನು ಹೊತ್ತು ಮತ್ತೆ ಮೇಲೇರಬಹುದು. ಈಜಿಪ್ಟಿನ ಲಕ್ಸರ್‌ನಲ್ಲಿ 2013ರ ಫೆಬ್ರವರಿಯಲ್ಲಿ, ಇಳಿಯುವ ಹೊತ್ತಿಗೆ ಬೆಂಕಿ ಹತ್ತಿಕೊಂಡ ಬಲೂನು ಹೀಗೆಯೇ ಮೇಲೆದ್ದು 19 ಮಂದಿ ಸತ್ತರು. ಬ್ರೆಜಿಲ್‌ನಲ್ಲಿ 2025ರ ಜೂನಿನಲ್ಲಿ ಬೆಂಕಿ ಕಂಡ ಬಲೂನಿನಿಂದ 13 ಜನ ಹೊರಬಿದ್ದು ಬದುಕಿದರು, ಹಗುರಾಗಿ ಮೇಲೇರಿದ ಬುಟ್ಟಿಯಲ್ಲಿದ್ದ 8 ಮಂದಿ ಉಳಿಯಲಿಲ್ಲ. ಉರಿಯುವ ಬುಟ್ಟಿಯಿಂದ ಹಾರಿದವರನ್ನು ಯಾರೂ ದೂರಲಾರರು. ಆದರೆ ಬೆಂಕಿಯಿಲ್ಲದ ಕಡೆ ಆತುರಕ್ಕೆ ನೆಪವಿಲ್ಲ. ವಿದ್ಯುತ್ ತಂತಿಗಳದು ಬೇರೆಯದೇ ಅಪಾಯ: ನ್ಯೂಜಿಲೆಂಡಿನ ಕಾರ್ಟರ್ಟನ್‌ನಲ್ಲಿ 2012ರಲ್ಲಿ 11 ಮಂದಿ, ಟೆಕ್ಸಾಸಿನ ಲಾಕ್‌ಹಾರ್ಟ್‌ನಲ್ಲಿ 2016ರಲ್ಲಿ 16 ಮಂದಿ ತಂತಿಗೆ ತಗುಲಿಯೇ ಸತ್ತರು. ಆ ಎರಡೂ ಕಡೆ ಪೈಲಟ್‌ಗಳ ದೇಹದಲ್ಲಿ ಮಾದಕ ಅಥವಾ ಮಂಪರು ತರಿಸುವ ಪದಾರ್ಥಗಳು ತನಿಖೆಯಲ್ಲಿ ಪತ್ತೆಯಾಗಿದ್ದವು. ದರ ಕಡಿಮೆಯೆಂದು ಹಾದಿಬದಿಯ ಏಜೆಂಟನ ಮಾತಿಗೆ ಮರುಳಾಗದೆ, ಪರವಾನಗಿಯಿರುವ ಕಂಪನಿಯಲ್ಲಿ ನೇರವಾಗಿ ಕಾಯ್ದಿರಿಸಿ ಎಂದು ನಾನು ಹೇಳುವುದು ಇದಕ್ಕೇ.

ಹೊರಡುವ ಮೊದಲು ಪ್ರವಾಸ ವಿಮೆಯ ಪತ್ರವನ್ನು ತೆರೆದು, ಬಲೂನು ಹಾರಾಟವನ್ನು ಸಾಹಸ ಕ್ರೀಡೆಯೆಂದು ಹೊರಗಿಟ್ಟಿದ್ದಾರೆಯೇ ಎಂದು ನೋಡಿಕೊಳ್ಳಿ. ನನ್ನದರಲ್ಲಿ ಹೊರಗಿಟ್ಟಿದ್ದರು, ಅದನ್ನು ನಾನು ಓದಿದ್ದು ಬೆಂಗಳೂರಿಗೆ ಮರಳಿದ ಮೇಲೆ.