ನೀವು ಕೇಳಲೇ ಇಲ್ವಲ್ಲ ಮೇಡಂ

ಬುಧವಾರದಿಂದ ಒಂದೇ ಮಾತು ತಲೆಯಲ್ಲಿ ಗಿರಕಿ ಹೊಡೀತಿದೆ. "ನೀವು ಕೇಳಲೇ ಇಲ್ವಲ್ಲ ಮೇಡಂ." ಹೇಳಿದ್ದು ನಮ್ಮ ಇಂಟರ್ನೆಟ್‌ನವರ ಆಫೀಸಿನ ಹುಡುಗಿ. ಅವಳ ದನಿಯಲ್ಲಿ ಕೊಂಕೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಊಟ ಆಯ್ತಾ ಅಂತ ಕೇಳುವಷ್ಟೇ ಸಲೀಸಾಗಿ ಹೇಳಿದಳು.

ಒಂದು ತಿಂಗಳಿಂದ ನಮ್ಮನೆ ನೆಟ್ ಸರಿ ಇರಲಿಲ್ಲ. ಹಾಸನಾಂಬೆಯಾದರೂ ವರ್ಷಕ್ಕೊಂದು ಸಲ ದೀಪಾವಳಿ ಹೊತ್ತಿಗೆ ಬಾಗಿಲು ತೆರೆಯುತ್ತಾಳೆ ಅನ್ನೋ ನಂಬಿಕೆ ಇದೆ, ಇದರದ್ದು ಅದೂ ಇಲ್ಲ. ಬೆಂಗಳೂರಿನ ಆಫೀಸಿನವರ ಜೊತೆ ಮೀಟಿಂಗಿನಲ್ಲಿದ್ದಾಗ ನನ್ನ ಮುಖ ಬಾಯಿ ತೆರೆದುಕೊಂಡೇ ನಿಂತುಬಿಡುತ್ತಿತ್ತು. ಮೋಡೆಮ್ ಆಫ್ ಮಾಡಿ ಆನ್ ಮಾಡೋದು ಮನೆಯವರಿಗೆಲ್ಲ ಅಭ್ಯಾಸವಾಗಿತ್ತು, ಅತ್ತೆಗೂ.

ಸೋಮವಾರ ಅಂತೂ ಲೈನ್ ಹುಡುಗ ಬಂದ. ದುದ್ದದ ಕಡೆಯವನಂತೆ, ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಬಂದವನೇ ಮೋಡೆಮ್ ಆಫ್ ಆನ್ ಮಾಡಲಿಲ್ಲ, ಅದರ ಹಿಂದಿನಿಂದ, ನೆಟ್ಟನ್ನು ಬೆಳಕಿನ ರೂಪದಲ್ಲಿ ತರೋ ಸಣ್ಣ ಹಳದಿ ಫೈಬರ್ ವೈರ್ ಬಿಚ್ಚಿ, ಬೆಳಕು ಅಳೆಯೋ ಒಂದು ಮೀಟರಿಗೆ ಸಿಕ್ಕಿಸಿದ. ಮೈನಸ್ 27 ತೋರಿಸಿತು. "ಮೈನಸ್ 21ರ ಹತ್ರ ಇರ್ಬೇಕಿತ್ತು ಅಕ್ಕ. ಎಲ್ಲೋ ಬೆಂಡ್ ಆಗಿದೆ" ಅಂದ. ಆಮೇಲೆ ಪೆನ್ನಿನ ಹಾಗಿರೋ ಕೆಂಪು ಲೈಟನ್ನು ಆ ವೈರಿಗೆ ಚುಚ್ಚಿ, ಗೋಡೆಯುದ್ದಕ್ಕೂ ಬಗ್ಗಿ ನೋಡುತ್ತಾ ಹೋದ.

ಅದು ಸಿಕ್ಕಿದ್ದು ಅತ್ತೆಯ ಕಬ್ಬಿಣದ ಬೀರುವಿನ ಹಿಂದೆ. ಇಬ್ಬರೂ ಸೇರಿ ಬೀರು ಎಳೆದರೆ, ಆ ಕತ್ತಲಲ್ಲಿ, ಜೇಡರ ಬಲೆ ಮಧ್ಯೆ, ವೈರ್ ಮಡಚಿಕೊಂಡಿದ್ದ ಜಾಗದಲ್ಲಿ ಗುಲಗಂಜಿಯಷ್ಟು ದೊಡ್ಡ ಕೆಂಪು ಚುಕ್ಕಿ ಹೊಳೀತಿತ್ತು. ಬೆಳಕು ಅಲ್ಲೇ ಸೋರಿ ಹೋಗ್ತಿತ್ತು! ಹೋದ ತಿಂಗಳು ಸುಣ್ಣ ಹೊಡೆಸಿದ ಮೇಲೆ ಬೀರುವನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದು ನಾವೇ. ಆ ಮೀಟರಿನ ಲೆಕ್ಕ ನಮ್ಮ ಲೆಕ್ಕದ ಹಾಗಲ್ಲವಂತೆ. ಮೂರು ಇಳಿದರೆ ಬೆಳಕು ಅರ್ಧ ಆಗುತ್ತದೆ, ಆರು ಇಳಿದರೆ ಕಾಲು ಭಾಗ. ಅಂದರೆ ಬರಬೇಕಾದ ಬೆಳಕಿನಲ್ಲಿ ಮುಕ್ಕಾಲು ಪಾಲು ಅತ್ತೆಯ ರೇಷ್ಮೆ ಸೀರೆಗಳ ಬೆನ್ನ ಹಿಂದೆಯೇ ಖರ್ಚಾಗ್ತಿತ್ತು.

ಅಷ್ಟು ಉದ್ದ ಕತ್ತರಿಸಿ, ಹೊಸ ತುಂಡು ಜೋಡಿಸಿ, ಬಳೆಯ ಹಾಗೆ ದುಂಡಗೆ ಸುತ್ತಿ ಗೋಡೆಗೆ ಹೊಡೆದ. ನನ್ನ ಲ್ಯಾಪ್‌ಟಾಪ್ ವೈಫೈನ 2.4 ಗಿಗಾಹರ್ಟ್ಸ್ ಬ್ಯಾಂಡಿಗೆ ಅಂಟಿಕೊಂಡಿತ್ತು, ಅದನ್ನು 5ಕ್ಕೆ ಹಾಕಿಕೊಟ್ಟ. ನಾಲ್ಕು ಗೋಡೆ ದಾಟೋಕೆ 2.4 ವಾಸಿ, ಅದೇ ರೂಮಲ್ಲಿ ಕೂತು ಕೆಲಸ ಮಾಡೋಕೆ 5 ಅಂತ ಅವನು ಹೇಳಿದ್ದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಕಸ್ಟಮರ್ ಕೇರ್‌ನವರು ಒಂದು ತಿಂಗಳಲ್ಲಿ ಹೇಳದ್ದನ್ನು ಈ ಹುಡುಗ ಮುಕ್ಕಾಲು ಗಂಟೆಯಲ್ಲಿ ಹೇಳಿದ.

ಕಟ್ಟಾಗೋದು ನಿಂತಿತು. ಆದರೆ ಸ್ಪೀಡ್ ಮಾತ್ರ 40 ದಾಟಲಿಲ್ಲ. ಯಾಕಪ್ಪಾ ಅಂದೆ. "ನಿಮ್ದು 40ರ ಪ್ಲ್ಯಾನೇ ಅಲ್ವಾ ಅಕ್ಕ, ಇನ್ನೆಷ್ಟು ಬರುತ್ತೆ? ಅದೂ ಮೆಗಾಬಿಟ್ ಲೆಕ್ಕ, ಎಂಬಿ ಬೇಕಂದ್ರೆ ಎಂಟರಿಂದ ಭಾಗಿಸ್ಬೇಕು, ಫೈಲ್ ಇಳಿಯೋದು ಸೆಕೆಂಡಿಗೆ 5 ಎಂಬಿ. ಈಗ ಅದೇ ದುಡ್ಡಿಗೆ 100 ಕೊಡ್ತಾರೆ, ಆಫೀಸಲ್ಲಿ ವಿಚಾರಿಸಿ."

ಅದಕ್ಕೇ ಬುಧವಾರ ಹೋಗಿದ್ದು. ತಿಂಗಳಿಗೆ 499, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 589 ರೂಪಾಯಿ. ನಾಲ್ಕು ವರ್ಷದಿಂದ ಒಂದು ತಿಂಗಳೂ ತಪ್ಪಿಸಿಲ್ಲ. ಪಕ್ಕದ ಬೀದಿಗೆ ಹೋದ ವರ್ಷ ಬಾಡಿಗೆಗೆ ಬಂದವರಿಗೆ ಅದೇ 499ಕ್ಕೆ 100. ನಮಗ್ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೇ ಆ ಉತ್ತರ ಬಂದಿದ್ದು. ನೀವು ಕೇಳಲೇ ಇಲ್ವಲ್ಲ ಮೇಡಂ. ಕೀಲಿಮಣೆ ನಾಲ್ಕು ಸಲ ಟಕಟಕ ಅಂತು, ಅಷ್ಟೇ, 100 ಆಯ್ತು. ಹೊಸ ವೈರ್ ಬೇಕಾಗಲಿಲ್ಲ, ಹೊಸ ಮೋಡೆಮ್ಮೂ ಬೇಕಾಗಲಿಲ್ಲ. ಆ ನಾಲ್ಕು ಟಕಟಕ ನಾಲ್ಕು ವರ್ಷ ಕಾದಿತ್ತು.

ಹುಡುಗಿ ಮೇಲೆ ನನಗೆ ಕೋಪ ಇಲ್ಲ. ನಮ್ಮನ್ನು ಬೆಳೆಸಿದ್ದೇ ಹಾಗಲ್ವಾ. ನೆಂಟರ ಮನೆಯಲ್ಲಿ ಎರಡನೇ ಹೋಳಿಗೆ ಕೇಳಿದರೆ ಅಮ್ಮ ಕಣ್ಣಲ್ಲೇ ಗದರಿಸುತ್ತಿದ್ದಳು. ಕೇಳದೆ ಇರೋದೇ ಮರ್ಯಾದೆ ಅಂತ ಕಲಿತೆವು. ಆಫೀಸಲ್ಲೂ ಅದೇ ಕಥೆ. ಆರು ವರ್ಷದಿಂದ ದುಡಿಯುತ್ತಿರೋ ನನಗಿಂತ ಮೊನ್ನೆ ಸೇರಿದವಳ ಸಂಬಳ ಜಾಸ್ತಿ ಅಂತ ಗೊತ್ತಾದಾಗ ಎರಡು ದಿನ ಊಟ ಸೇರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಅವರಾಗೇ ಗಮನಿಸಿ ಕೊಡಲಿ ಅಂತ ಸುಮ್ನೆ ಕೂತಿದ್ದೆ. ನಾನೂ 40ರ ಪ್ಲ್ಯಾನೇ.

ನಿನ್ನೆ ಹುಡುಗ ಉಳಿದ ವೈರ್ ತಗೊಂಡು ಹೋಗೋಕೆ ಬಂದಿದ್ದ. ಕಾಫಿ ಕೊಡುತ್ತಾ, ನನಗೆ ಸಿಕ್ಕ ಹೊಸ ಜ್ಞಾನದ ಹುರುಪಿನಲ್ಲಿ, "ನೀನೂ ಸಂಬಳ ಜಾಸ್ತಿ ಮಾಡಿ ಅಂತ ಕೇಳೋ" ಅಂದೆ. ಅವನು ವೈರನ್ನು ಮೊಳಕೈಗೆ ಸುತ್ತಿಕೊಳ್ಳುತ್ತಾ ನಕ್ಕ. "ಕೇಳಿದ್ವು ಅಕ್ಕ, ನಾವು ಮೂರು ಜನ. ಈಗ ಇಬ್ಬರಿದೀವಿ."

ಏನು ಹೇಳಬೇಕು ಅಂತ ತಿಳಿಯಲಿಲ್ಲ. ಇನ್ನೊಂದು ಲೋಟ ಕಾಫಿ ಬೇಕಾ ಅಂದೆ. ಬೇಡ ಅಂದ.

ಮ್ಯಾನೇಜರಿಗೆ ಬರೆದ ಮೇಲ್ ಇನ್ನೂ ಡ್ರಾಫ್ಟಿನಲ್ಲೇ ಇದೆ. ಬೀರು ಗೋಡೆಯಿಂದ ಒಂದು ಗೇಣು ಈಚೆ ನಿಂತಿದೆ. ಸಂದಿಯಲ್ಲಿ ಧೂಳು ಕೂರುತ್ತೆ, ಯಾವಾಗ ಹಿಂದಕ್ಕೆ ತಳ್ಳೋದು ಅಂತ ಅತ್ತೆ ಬೆಳಿಗ್ಗೆಯಿಂದ ಎರಡು ಸಲ ಕೇಳಿದ್ದಾರೆ.