ಲೆಕ್ಕ ಹೊಂದದಿದ್ದಾಗ ಯಾರ ಪಾಲಿಗೆ ಕತ್ತರಿ?

ನನ್ನ ಕೆಲಸ ಏನು ಅಂತ ಕೇಳಿದವರಿಗೆ ಒಂದೇ ಮಾತಿನಲ್ಲಿ ಹೇಳೋದು ಕಷ್ಟ. ಹುಬ್ಬಳ್ಳಿಯ ವಿದ್ಯಾನಗರದ ಮನೆಯಲ್ಲಿ ಕೂತು ಇಂಗ್ಲೆಂಡಿನ ಬಿಲ್ಡರ್‌ಗಳ ಎಕ್ಸೆಲ್ ಶೀಟ್ ಪರೀಕ್ಷೆ ಮಾಡುತ್ತೇನೆ. ಅಲ್ಲಿ ದೊಡ್ಡ ವಸತಿ ಯೋಜನೆಗೆ ಪರವಾನಗಿ ಬೇಕಾದರೆ ಒಂದಿಷ್ಟು ಮನೆಗಳನ್ನು ಕಡಿಮೆ ಆದಾಯದವರಿಗೆ ಬಿಡಬೇಕು. 1990ರ ಯೋಜನಾ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ ಸ್ಥಳೀಯ ಕೌನ್ಸಿಲ್ (ಅಂದರೆ ನಮ್ಮ ನಗರಸಭೆ ಥರದ್ದು) ಜೊತೆ ಕರಾರು ಆಗುತ್ತದೆ. ಆ ಮನೆಗಳು ಸಾಮಾನ್ಯವಾಗಿ ಹೌಸಿಂಗ್ ಅಸೋಸಿಯೇಷನ್‌ಗಳಿಗೆ, ಅಂದರೆ ಕಡಿಮೆ ಆದಾಯದವರಿಗೆ ಮನೆ ಒದಗಿಸೋ ಸಂಸ್ಥೆಗಳಿಗೆ, ಮಾರುಕಟ್ಟೆಗಿಂತ ಕಡಿಮೆ ಬೆಲೆಗೆ ಹೋಗುತ್ತವೆ. ಬಿಲ್ಡರ್ ಬಂದು "ಇಷ್ಟು ಮನೆ ಕೊಟ್ಟರೆ ನನಗೆ ವರ್ಕೌಟ್ ಆಗೋದಿಲ್ಲ" ಅಂದರೆ ಲೆಕ್ಕ ತೋರಿಸಬೇಕು. ಆ ಲೆಕ್ಕವೇ ನನ್ನ ಹೊಟ್ಟೆಪಾಡು.

ಒಂದು ಉದಾಹರಣೆ ಕೊಡ್ತೀನಿ, ಅಂಕಿ ನಾನೇ ಇಟ್ಟುಕೊಂಡದ್ದು. ಎಲ್ಲಾ ಮನೆ ಮಾರಿದರೆ 3 ಕೋಟಿ ಪೌಂಡ್ ಬರುತ್ತದೆ ಅನ್ನಿ. ಕಟ್ಟೋ ಖರ್ಚು, ಬಡ್ಡಿ, ಫೀಸು ಸೇರಿ 1 ಕೋಟಿ 95 ಲಕ್ಷ. ಬಿಲ್ಡರ್‌ಗೆ ಮಾರಾಟದ ಶೇ 20 ಲಾಭ, ಅಂದರೆ 60 ಲಕ್ಷ. ಉಳಿದ 45 ಲಕ್ಷ ಭೂಮಿಗೆ. ಈಗ ಮನೆ ಬೆಲೆ ಶೇ 5 ಇಳಿಸಿ, ಖರ್ಚು ಶೇ 5 ಏರಿಸಿ. ಭೂಮಿಗೆ ಉಳಿಯೋದು 23 ಲಕ್ಷ ಚಿಲ್ಲರೆ. ಅರ್ಧ! ಮೇಲೆ ಬರೀ ಶೇ 5 ಅಲುಗಾಡಿದ್ದಕ್ಕೆ ಕೆಳಗಿನ ಸಾಲು ಹೀಗೆ ಕುಸಿಯುತ್ತದೆ. ಅದಕ್ಕೇ "ಯೋಜನೆ ನಡೆಯೋದೇ ಅನುಮಾನ" ಅನ್ನೋ ಶೀಟ್ ತಯಾರಿಸೋದು ಬಹಳ ಸುಲಭ. ಸುಳ್ಳು ಹೇಳೋದೂ ಬೇಕಾಗಿಲ್ಲ, ಸ್ವಲ್ಪ ಭಯಪಟ್ಟು ಅಂಕಿ ಹಾಕಿದರೆ ಸಾಕು.

ಆಮೇಲೆ ನೋಡಿ. ಭೂಮಿ ಬೆಲೆ ಇಳಿಸೋಣ ಅಂದರೆ "ಅದು ಕೊಟ್ಟಾಗಿದೆ" ಅಂತಾರೆ. ಲಾಭ ಇಳಿಸೋಣ ಅಂದರೆ "ಬ್ಯಾಂಕ್ ಸಾಲ ಕೊಡೋದಿಲ್ಲ". ಸಿಮೆಂಟು, ಕೂಲಿ ಯಾರ ಕೈಯಲ್ಲೂ ಇಲ್ಲ. ಉಳಿದದ್ದು ಬಡವರ ಮನೆ. ಆ ಮನೆಗೆ ಬರೋರು ಯಾರು ಅಂತ ಇನ್ನೂ ಗೊತ್ತೇ ಇಲ್ಲ. ಹಾಗಾಗಿ ಮೀಟಿಂಗಿನಲ್ಲಿ ಅವರ ಪರ ಜಗಳ ಆಡೋರೂ ಇಲ್ಲ.

ನಮ್ಮ ಸೋದರಮಾವ ಗಾಮನಗಟ್ಟಿ ಕಡೆ ಸಣ್ಣ ಸಣ್ಣ ಲೇಔಟ್ ಮಾಡಿದವರು. ಅವರಿಗೆ ಈ ಶೀಟ್ ತೋರಿಸಿದೆ. ಚಹಾದ ಕಪ್ ಕೆಳಗಿಟ್ಟು, ಭೂಮಿಯ ಸಾಲಿನ ಮೇಲೆ ಬೆರಳಿಟ್ಟರು. "ಜಾಸ್ತಿ ರೊಕ್ಕ ಕೊಟ್ಟು ಹೊಲ ತಗೊಂಡಾಂವ ಇವನ. ಅದನ್ನ ಬಡವರ ಕಡೆಯಿಂದ ಯಾಕ ವಸೂಲಿ ಮಾಡ್ತಾನ?" ಅಂದರು. ಅವರು ಹೊಲದವರ ಜೊತೆ ಪಾಲುದಾರಿಕೆಯಲ್ಲೇ ಕೆಲಸ ಮಾಡೋದು. ಸೈಟ್ ಹೋಗದಿದ್ದರೆ ಹೊಲದವರೂ ಕಾಯ್ತಾರೆ, ಇವರೂ ಕಾಯ್ತಾರೆ. ಭೂಮಿ ಬೆಲೆ ಮೊದಲೇ ಕಲ್ಲಿನಲ್ಲಿ ಕೆತ್ತಿರೋದಿಲ್ಲ. (ಅವರ ಲೇಔಟಿನ ಚರಂಡಿ ಬಗ್ಗೆ ನನಗೆ ಬೇರೆ ಅಭಿಪ್ರಾಯ ಇದೆ, ಅದು ಇನ್ನೊಂದು ದಿನ.)

ಮಾವ ಬೆರಳಿಟ್ಟು ತೋರಿಸಿದ್ದೇ ಲಂಡನ್ನಿನ ಹೈಕೋರ್ಟ್‌ವರೆಗೆ ಹೋಗಿತ್ತು. ಇಸ್ಲಿಂಗ್ಟನ್ನಿನ ಪಾರ್ಕ್‌ಹರ್ಸ್ಟ್ ರೋಡ್‌ನಲ್ಲಿ ಸೇನೆಯವರ ಹಳೇ ಜಾಗ. ಡೆವಲಪರ್ 2013ರಲ್ಲಿ ಸುಮಾರು 1.3 ಕೋಟಿ ಪೌಂಡ್ ಕೊಟ್ಟು ಕೊಂಡಿದ್ದ. ಈ ಬೆಲೆಗೆ ಕೌನ್ಸಿಲ್ ಕೇಳಿದಷ್ಟು ಮನೆ ಕೊಡೋಕೆ ಆಗೋದಿಲ್ಲ ಅಂದ. ಬಡವರ ಮನೆಯ ನಿಯಮ ಓದಿಕೊಂಡು ಬೆಲೆ ಕಟ್ಟಿದ್ದರೆ ಅಷ್ಟು ಕೊಡ್ತಾನೇ ಇರಲಿಲ್ಲ, ಅಂತ ಕೌನ್ಸಿಲ್. 2018ರಲ್ಲಿ ಕೋರ್ಟಿನಲ್ಲಿ ಡೆವಲಪರ್ ಸೋತ. ಅದೇ ವರ್ಷ ಸರ್ಕಾರದ ಮಾರ್ಗಸೂಚಿಯೂ ಬದಲಾಯಿತು. ಕೊಟ್ಟ ಭೂಮಿ ಬೆಲೆ ತೋರಿಸಿ ನಿಯಮ ತಪ್ಪಿಸಿಕೊಳ್ಳೋ ಹಾಗಿಲ್ಲ ಅಂತ ಬಂತು. ಆದರೆ ಲಾಭಕ್ಕೆ ಮಾತ್ರ ಮಾರಾಟದ ಶೇ 15ರಿಂದ 20 ಅಂತ ಒಪ್ಪಿಕೊಂಡೇ ಬಿಟ್ಟಿದ್ದಾರೆ. ಇದು ನನಗೆ ಅಷ್ಟು ಹಿಡಿಸೋದಿಲ್ಲ.

ಹಾಗಂತ ರಿಯಾಯಿತಿಯೇ ಬೇಡ ಅಂತ ನಾನು ಹೇಳೋದಿಲ್ಲ. ಮಾರುಕಟ್ಟೆ ನಿಜವಾಗಿ ಬಿದ್ದಾಗ ಹಟ ಹಿಡಿದರೆ ಜಾಗದಲ್ಲಿ ಜಾಲಿ ಬೆಳೆಯುತ್ತದೆ, ಅಷ್ಟೇ. 2008ರ ಆರ್ಥಿಕ ಹೊಡೆತದ ನಂತರ ನಿಂತುಹೋದ ಯೋಜನೆಗಳಿಗಾಗಿ ಇಂಗ್ಲೆಂಡಿನಲ್ಲಿ 2013ರಲ್ಲಿ ಒಂದು ಕಾನೂನು ತಂದರು. ಕೌನ್ಸಿಲ್ ಒಪ್ಪದಿದ್ದರೆ ಬಿಲ್ಡರ್ ಮೇಲ್ಮನವಿ ಹಾಕಿ ಬಡವರ ಮನೆ ಕಡಿಮೆ ಮಾಡಿಸಿಕೊಳ್ಳಬಹುದಿತ್ತು. ಆದರೆ ಮೇಲ್ಮನವಿಯಲ್ಲಿ ಸಿಕ್ಕ ರಿಯಾಯಿತಿಗೆ ಮೂರು ವರ್ಷದ ಗಡುವು. ಅಷ್ಟರಲ್ಲಿ ಕಟ್ಟದಿದ್ದರೆ ಉಳಿದ ಭಾಗಕ್ಕೆ ಹಳೇ ಕರಾರೇ ವಾಪಸ್. ಈ ಗಡುವು ನನಗೆ ಇಷ್ಟ. ಕಷ್ಟ ಅಂತ ರಿಯಾಯಿತಿ ತಗೊಂಡು, ಬೆಲೆ ಏರೋವರೆಗೆ ಸುಮ್ನೆ ಕೂರೋ ಆಟ ಅದರಲ್ಲಿ ನಡೀತಿರಲಿಲ್ಲ. ಆದರೆ ಆ ಕಾನೂನೇ 2016ರ ಏಪ್ರಿಲ್‌ಗೆ ಮುಗಿಯಿತು.

ಲಂಡನ್ನಿನಲ್ಲಿ ಇನ್ನೊಂದು ದಾರಿ ಇದೆ. ಸಾಮಾನ್ಯವಾಗಿ ಶೇ 35 ಮನೆ ಕೊಡೋಕೆ ಒಪ್ಪಿದರೆ ಈ ಲೆಕ್ಕದ ಜಂಜಾಟವೇ ಇಲ್ಲ. ಅದಕ್ಕಿಂತ ಕಡಿಮೆ ಅಂದರೆ ಶೀಟ್ ತೆರೆದಿಡಬೇಕು, ಮನೆಗಳು ಮುಕ್ಕಾಲು ಪಾಲು ಮಾರಾಟ ಆದ ಮೇಲೆ ಲೆಕ್ಕ ಮತ್ತೆ ತೆಗೆಯುತ್ತಾರೆ. ಅಂದುಕೊಂಡದ್ದಕ್ಕಿಂತ ಜಾಸ್ತಿ ಬಂದಿದ್ದರೆ ಕೌನ್ಸಿಲ್‌ಗೂ ಪಾಲು. ನಷ್ಟದಲ್ಲಿ ಊರು ಪಾಲುದಾರ ಆದರೆ ಲಾಭದಲ್ಲೂ ಆಗಬೇಕು, ಅಲ್ವಾ?

ನಮ್ಮಲ್ಲಿ ಕಥೆ ಬೇರೆ. 2015ರಲ್ಲಿ ಶುರುವಾದ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಪಾಲುದಾರಿಕೆ ವಿಭಾಗದಲ್ಲಿ ಕನಿಷ್ಠ ಶೇ 35 ಮನೆ ಆರ್ಥಿಕವಾಗಿ ದುರ್ಬಲರಿಗೆ ಇದ್ದರೆ, ಅಂಥ ಒಂದು ಮನೆಗೆ ಕೇಂದ್ರ 1.5 ಲಕ್ಷ ಕೊಡುತ್ತಿತ್ತು. ಮನೆ ಅಂದರೆ ಸಾಮಾನ್ಯವಾಗಿ 30 ಚದರ ಮೀಟರ್‌ವರೆಗೆ. ಆ 1.5 ಲಕ್ಷ ಗಟ್ಟಿ ಅಂಕಿ. ಕಬ್ಬಿಣ ಏರಿದರೆ ಅದು ಏರುತ್ತಿರಲಿಲ್ಲ. ಮಿಕ್ಕದ್ದು ರಾಜ್ಯ ಕೊಡಬೇಕಿತ್ತು, ಇಲ್ಲ ಮನೆ ಪಡೆಯೋರು ತುಂಬಬೇಕಿತ್ತು. ಇಂಗ್ಲೆಂಡಿನಲ್ಲಿ ಲೆಕ್ಕ ಹೊಂದದಿದ್ದರೆ ಮನೆಗಳ ಸಂಖ್ಯೆ ಕಡಿಮೆ ಆಗುತ್ತದೆ. ಇಲ್ಲಿ ಮನೆ ಪಡೆಯೋರ ವಂತಿಗೆ ಏರುತ್ತದೆ, ಇಲ್ಲ ಜಾಗ ಊರ ಹೊರಗೆ ಸರಿಯುತ್ತದೆ. ಭೂಮಿ ಅಗ್ಗ ಅಂತ ಅಲ್ಲಿ ಕಟ್ಟುತ್ತಾರೆ. ಕೇಶ್ವಾಪುರದಲ್ಲಿ ಮನೆಗೆಲಸ ಮಾಡೋ ಹೆಣ್ಣುಮಗಳು ಎರಡು ಬಸ್ ಬದಲಿಸಿ ಬರೋದರ ಖರ್ಚು ಯಾವ ಶೀಟಿನಲ್ಲೂ ಇಲ್ಲ.

ಹುಬ್ಬಳ್ಳಿ-ಧಾರವಾಡದಲ್ಲೂ ಯಾರಾದರೂ ಖಾಸಗಿಯವರು ಇಂಥ ಯೋಜನೆ ತಂದು, ಅರ್ಧ ದಾರಿಯಲ್ಲಿ ರಿಯಾಯಿತಿ ಕೇಳಿದರೆ ನಾನು ಮೊದಲು ಎರಡು ಕಾಗದ ಕೇಳ್ತೀನಿ. ಭೂಮಿ ಖರೀದಿ ಪತ್ರ ಒಂದು, ಅದರ ಮೇಲಿನ ತಾರೀಖು ನೋಡೋಕೆ. ಇನ್ನೊಂದು, ಬಡವರಿಗೆ ಎಷ್ಟು ಮನೆ ಅನ್ನೋ ನಿಯಮ ಅವತ್ತೇ ಜಾರಿಯಲ್ಲಿತ್ತಾ ಅಂತ ತೋರಿಸೋ ಆದೇಶ. ಇತ್ತು ಅಂದರೆ ಆ ನಷ್ಟ ಅವನದೇ.